ಹದಿಮೂರು ತೂತುಗಳ ಗೋಡೆ

ನಮ್ಮ ಬೀದಿಯ ಮೇಸ್ತ್ರಿಗೆ ಈಗ ಅರವತ್ತೆಂಟು ವರ್ಷ. ಸರೋವರದ ಸುತ್ತ ಇರುವ ಮೂರು ಕೋಟೆಗಳಲ್ಲೂ ಅವರ ಕೈಯ ಗಾರೆ ಇದೆ. ಗುಡ್ಡದ ಮೇಲಿನದು ಒಂದು, ಎದುರು ದಡದ ಅರಮನೆ ಕೋಟೆ ಇನ್ನೊಂದು, ನೀರಿಗೆ ಕಾಲು ಇಳಿಬಿಟ್ಟು ಕುಳಿತಂತಿರುವ ನೀರುಕೋಟೆ ಮೂರನೆಯದು. ನೀರುಕೋಟೆಯ ಬುಡದಿಂದಲೇ ದೋಣಿಗಳು ಹೊರಡುತ್ತವೆ. ಒಂದು ಟಿಕೆಟ್ಟಿಗೆ ಮೂರನ್ನೂ ಸುತ್ತಿಸುತ್ತಾರೆ. ಬಂದವರು ಫೋಟೊ ತೆಗೆದುಕೊಂಡು ಹೋಗುತ್ತಾರೆ. ಗೋಡೆ ಹೇಗೆ ನಿಂತಿದೆ ಎಂದು ಅವರು ಕೇಳದಿದ್ದರೆ ತಪ್ಪಿಲ್ಲ. ಕೇಳುವುದಕ್ಕೆಂದೇ ಸಂಬಳ ತೆಗೆದುಕೊಳ್ಳುವವರೂ ಕೇಳಲಿಲ್ಲ. ಅದನ್ನು ನೆನೆದರೆ ನನಗೆ ಈಗಲೂ ಮೈ ಉರಿಯುತ್ತದೆ.

ದೋಣಿಕಟ್ಟೆಗೆ ಒರಗಿದಂತೆ ಮೂರಾಳೆತ್ತರದ ಗೋಡೆಯಿದೆ. ಅದರ ಹಿಂದೆ ಬರೀ ಮಣ್ಣು, ಮಣ್ಣಿನ ಮೇಲೆ ಕೋಟೆಯ ಅಂಗಳ. ಅಂಗಳದ ಮಳೆನೀರು ಮಣ್ಣಿಗೆ ಇಳಿದರೆ ಹೊರಗೆ ಬರಲು ದಾರಿ ಬೇಕಲ್ಲ? ಅದಕ್ಕೆಂದೇ ಕಟ್ಟಿದವರು ಸೊಂಟದೆತ್ತರದಲ್ಲಿ, ಮುಷ್ಟಿ ಹಿಡಿಸುವಷ್ಟು ಅಗಲದ ಹದಿಮೂರು ತೂತು ಬಿಟ್ಟಿದ್ದರು. ಮಳೆಗಾಲದಲ್ಲಿ ಅವುಗಳಿಂದ ನೀರು ಸುರಿಯುತ್ತಿತ್ತು. ಕೆಳಗೆ ಕಪ್ಪು ಕಲೆ, ಪಾಚಿ.

ಆ ಕಲೆ ಕೋಟೆಗಳನ್ನು ನೋಡಿಕೊಳ್ಳುವ ಕಚೇರಿಯ ಸಾಹೇಬರ ಕಣ್ಣಿಗೆ ಬಿತ್ತು.

"ಮೇಸ್ತ್ರಿ, ಜನ ಫೋಟೊ ತೆಗೆಯೋದೇ ಈ ಗೋಡೆ ಮುಂದೆ. ಮೂಗು ಸೋರೋ ಮಗು ಥರ ಇದೆ ಇದು. ಮುಚ್ಚಿಬಿಡಿ."

"ನೀರು ಎಲ್ಲಿಗೆ ಹೋಗ್ಬೇಕು ಸಾಹೇಬ್ರೇ?"

"ಮೇಲೆ ಅಂಗಳದಲ್ಲಿ ಚರಂಡಿ ಮಾಡಿಸಿದೀವಿ. ಒಂದು ಹನಿ ಕೆಳಗಿಳಿಯಲ್ಲ." ಸಾಹೇಬರು ನಕ್ಷೆ ಬಿಡಿಸಿದರು. ಅಂಗಳದ ಸುತ್ತ ನೀಲಿ ಗೆರೆ ಎಳೆದಿತ್ತು.

ಮೇಸ್ತ್ರಿ ನಂಬಿದರು. ಮೇಲೆ ಹತ್ತಿ ನೋಡಲಿಲ್ಲ. ಮಂಡಿನೋವು, ಎಂಬತ್ತು ಮೆಟ್ಟಿಲು. ಅದರ ಮೇಲೆ ಸಾಹೇಬರು ಇನ್ನೊಂದು ಮಾತು ಸೇರಿಸಿದರು: "ಮುಚ್ಚಿದ್ದು ಗೊತ್ತಾಗಬಾರದು. ಆಗುತ್ತಾ ನಿಮ್ಮ ಕೈಲಿ?"

ಮೇಸ್ತ್ರಿಯನ್ನು ಹಾಗೆ ಕೇಳಬಾರದು. ಅವರು ಅದೇ ಗೋಡೆಯ ಕಲ್ಲಿನ ಚೂರು ತಂದು ಪುಡಿ ಮಾಡಿ, ಸುಣ್ಣದಲ್ಲಿ ಕಲಸಿ, ಹದ ನೋಡಿ ನೋಡಿ ತುಂಬಿದರು. ಒಣಗುವ ಮೊದಲು ತಂತಿ ಬ್ರಷ್ಷಿನಿಂದ ಗೀರಿ ಹಳೆಯ ಕಲ್ಲಿನ ಒರಟು ತಂದರು. ಕೊನೆಗೆ ಪಾಚಿ ನೀರು ಬಳಿದರು. ಹತ್ತು ಹೆಜ್ಜೆ ಹಿಂದೆ ನಿಂತು ನೋಡಿದರೆ ಮುಚ್ಚಿದವರಿಗೇ ಕಾಣಲಿಲ್ಲವಂತೆ. ಒಂದು ವಾರ ಬೀದಿಯಲ್ಲಿ ಅದೇ ಮಾತು. ಹಾಲಿನವನನ್ನೂ ಬಿಡದೆ ನಿಲ್ಲಿಸಿ ಹೇಳಿದರು.

ಆ ವರ್ಷ ಮಳೆ ಜೋರಾಯಿತು. ದೋಣಿಕಟ್ಟೆಯಲ್ಲಿ ಕೆಲಸ ಮಾಡುವ ಮಗಳಿಗೆ ಊಟ ಕೊಡಲು ಹೋದ ಮೇಸ್ತ್ರಿ ಗೋಡೆಗೆ ಕೈಯಿಟ್ಟರೆ ಗೋಡೆ ಬೆವರುತ್ತಿತ್ತು. ದಾರಕ್ಕೆ ಕಟ್ಟಿದ ತೂಕದ ಗುಂಡನ್ನು ಇಳಿಬಿಟ್ಟು ಅಳೆದರು. ನಡುವೆ ಎರಡು ಬೆರಳಷ್ಟು ಹೊಟ್ಟೆ ಬಂದಿತ್ತು. ಮಂಡಿ ಹಿಡಿದುಕೊಂಡು ಎಂಬತ್ತು ಮೆಟ್ಟಿಲನ್ನೂ ಹತ್ತಿದರು. ಅಂಗಳದಲ್ಲಿ ಹೂಕುಂಡಗಳಿದ್ದವು, ಬೆಂಚುಗಳಿದ್ದವು. ಚರಂಡಿ ಇರಲಿಲ್ಲ. ಅದು ನಕ್ಷೆಯಲ್ಲಿ ಮಾತ್ರ ಹರಿಯುತ್ತಿತ್ತು.

ರಜಾದಿನಗಳಲ್ಲಿ ಆ ಗೋಡೆಯ ಕೆಳಗೆ ಮುನ್ನೂರು ಜನ ದೋಣಿಗಾಗಿ ಸಾಲು ನಿಲ್ಲುತ್ತಾರೆ. ಸಾಲಿನ ಹಿಂತುದಿಗೆ, ದೋಣಿಕಟ್ಟೆಯ ಬಾಗಿಲಲ್ಲಿರುವ ಟಿಕೆಟ್ ಗೂಡಿನಲ್ಲಿ ಕೂರುವವಳು ಮೇಸ್ತ್ರಿಯ ಮಗಳು.

ಬೀದಿಯವರ ಅರ್ಜಿಗಳನ್ನು ನಾನು ಬರೆದುಕೊಡುತ್ತೇನೆ. ಮೇಸ್ತ್ರಿ ಹೇಳಿದಂತೆ ಏಳು ಬರೆದೆ. ತೂತು ತೆಗೆಯಲು ಅಪ್ಪಣೆ ಕೊಡಿ, ಕೂಲಿ ಬೇಡ, ಇಷ್ಟೇ ಬೇಡಿಕೆ. ಸಾಹೇಬರು ಸಭೆಯಲ್ಲಿದ್ದರು, ಪ್ರವಾಸದಲ್ಲಿದ್ದರು, ಊಟಕ್ಕೆ ಹೋಗಿದ್ದರು. ಏಳನೆಯದಕ್ಕೆ ಉತ್ತರ ಬಂತು. ನಾನೇ ಓದಿ ಹೇಳಿದೆ: "ದಾಖಲೆಗಳ ಪ್ರಕಾರ ಸದರಿ ಗೋಡೆಯಲ್ಲಿ ಯಾವುದೇ ರಂಧ್ರಗಳು ಇರುವುದಿಲ್ಲ. ಛಾಯಾಚಿತ್ರ ಲಗತ್ತಿಸಿದೆ." ಕೆಳಗೆ ಅದೇ ಸಾಹೇಬರ ಸಹಿ. ಛಾಯಾಚಿತ್ರದ ಗೋಡೆಯಲ್ಲಿ ಒಂದು ತೂತಿನ ಗುರುತೂ ಇರಲಿಲ್ಲ.

"ಇನ್ನೊಂದ್ಸಲ ಓದಮ್ಮ," ಎಂದರು ಮೇಸ್ತ್ರಿ. ಓದಿದೆ.

"ನನ್ನ ಕೆಲಸಾನೇ ನನ್ನ ಮೇಲೆ ಸಾಕ್ಷಿ ಹೇಳ್ತಾ ಇದೆ ನೋಡಮ್ಮ! ಮುಚ್ಚಿಸಿದೋನೇ ತೂತೇ ಇರಲಿಲ್ಲ ಅಂತಾನೆ. ನಾನು ಸ್ವಲ್ಪ ಕೆಟ್ಟದಾಗಿ ಮುಚ್ಚಿದ್ರೆ ಆಗ್ತಿರಲಿಲ್ವಾ?"

ಮರುದಿನ ಅವರು ಛತ್ರಿ ಹಿಡಿದು ಟಿಕೆಟ್ ಗೂಡಿನ ಮುಂದೆ ಸಾಲಿನಲ್ಲಿ ನಿಂತರು. ಆಮೇಲೆ ದಿನಾ ಅದೇ ಕೆಲಸ.

"ಅಪ್ಪಾ, ನಿನಗೇನು ಹುಚ್ಚಾ? ನಿನ್ನೆ ತಾನೆ ನೋಡಿದೀಯ," ಎಂದಳು ಮಗಳು.

"ನಲವತ್ತು ವರ್ಷ ಕೆಲಸ ಮಾಡಿದೀನಿ, ಒಂದು ದಿನಾನೂ ಕೂತು ನೋಡಿಲ್ಲ. ಟಿಕೆಟ್ ಕೊಡು."

"ಮಳೆನೂ ಇಲ್ಲ ಬಿಸಿಲೂ ಇಲ್ಲ, ಛತ್ರಿ ಯಾಕೆ?"

"ಅಪ್ಪನ ಛತ್ರಿ ವಿಚಾರಿಸೋ ಅಧಿಕಾರ ನಿನಗೆ ಯಾವ ಸಾಹೇಬ ಕೊಟ್ಟ?"

ಹಿಂದಿನಿಂದ ಯಾರೋ, "ಬೇಗ ಕೊಡಮ್ಮಾ, ತಾತಂಗೆ ದೋಣಿ ತಪ್ಪುತ್ತೆ," ಎಂದರು.

ಛತ್ರಿಯ ಮಡಿಕೆಯಲ್ಲಿ ಉಳಿಯಿತ್ತು, ಜೇಬಿನಲ್ಲಿ ಸಣ್ಣ ಸುತ್ತಿಗೆ. ಕಣ್ಣಿಗೆ ತೂತು ಕಾಣುವಂತಿರಲಿಲ್ಲವಾದ್ದರಿಂದ ಮೇಸ್ತ್ರಿ ಗೋಡೆಗೆ ಕಿವಿಯಿಟ್ಟು ಬೆರಳ ಗೆಣ್ಣಿನಿಂದ ತಟ್ಟುತ್ತಾ ಹೋಗುತ್ತಿದ್ದರು. ಟೊಳ್ಳು ಸದ್ದು ಬಂದ ಕಡೆ ನಿಂತು ಕಾಯುವರು. ದೋಣಿ ಕಟ್ಟೆಗೆ ಬರುವಾಗ ಸೈರನ್ ಕೂಗುತ್ತದೆ. ಆ ಕೂಗಿನೊಳಗೆ ನಾಲ್ಕು ಪೆಟ್ಟು, ಆಮೇಲೆ ಅರ್ಧ ಗಂಟೆ ಸರೋವರ ನೋಡುವ ನಾಟಕ. ಒಂದು ತೂತಿಗೆ ಮೂರು ದಿನ ಹಿಡಿಯುತ್ತಿತ್ತು. ನಾನೂ ಎರಡು ದಿನ ಹೋದೆ. ಛತ್ರಿ ಬಿಚ್ಚಿ ಮರೆಯಾಗಿ ಹಿಡಿಯುವುದು ನನ್ನ ಪಾಲಿನ ಕೆಲಸ. ಸುಳ್ಳು ಹೇಳಬೇಕಾಗಿ ಬಂದರೆ ಎಂದು ದೇವರಲ್ಲಿ ಮುಂಚೆಯೇ ಕ್ಷಮೆ ಕೇಳಿಕೊಂಡಿದ್ದೆ. ಯಾರೂ ಏನೂ ಕೇಳಲೇ ಇಲ್ಲ.

ಬದಲಿಗೆ ನಮ್ಮನ್ನು ನೋಡಿ ಪ್ರವಾಸಿಗಳೂ ಗೋಡೆಗೆ ಕಿವಿಯಿಡತೊಡಗಿದರು. ಮೂರನೆಯ ವಾರದ ಹೊತ್ತಿಗೆ ಗೈಡೊಬ್ಬ, "ಇಲ್ಲಿ ಕಿವಿ ಇಟ್ರೆ ಸೈನಿಕರ ಹೆಜ್ಜೆ ಸಪ್ಪಳ ಕೇಳುತ್ತೆ," ಎಂದು ಕಥೆ ಕಟ್ಟಿ ಹೇಳುತ್ತಿದ್ದ.

ಮೇಸ್ತ್ರಿಗೆ ತಡೆಯಲಾಗಲಿಲ್ಲ. "ಲೋ, ಅದು ಸೈನಿಕರಲ್ಲ ಕಣೋ, ನೀರು! ಮೊದಲು ಇವರನ್ನ ಗೋಡೆ ಬಿಟ್ಟು ಆಚೆ ನಿಲ್ಲಿಸು!"

"ತಾತನಿಗೆ ನೀರಿನ ಸಪ್ಪಳಾನೂ ಕೇಳುತ್ತಂತೆ," ಎಂದು ಗೈಡು ಜನರಿಗೆ ವಿವರಿಸಿದ. ಇಬ್ಬರು ಮೇಸ್ತ್ರಿಯ ಜೊತೆ ನಿಂತು ಫೋಟೊ ತೆಗೆಸಿಕೊಂಡರು.

ಐದು ತೂತು ತೆರೆಯುವಷ್ಟರಲ್ಲಿ ಮತ್ತೆ ಮಳೆ ಹಿಡಿಯಿತು. ಐದರಿಂದಲೂ ನೀರು ಇಳಿಯತೊಡಗಿ ಕಾವಲುಗಾರನ ಕಣ್ಣಿಗೆ ಬಿತ್ತು. ಆರನೆಯದು ಗೋಡೆಯ ಹೊಟ್ಟೆ ಬಂದ ಕಡೆಗೇ ಇತ್ತು. ಮೇಸ್ತ್ರಿ ಎರಡು ದಿನ ಅದರ ಅಂಚು ಸಡಿಲಿಸಿ ಮತ್ತೆ ಉಳಿ ಇಟ್ಟಿದ್ದರು, ಛತ್ರಿ ನನ್ನ ಕೈಯಲ್ಲಿತ್ತು. ಕಾವಲುಗಾರ ಬಂದು ಭುಜ ಹಿಡಿದ.

"ಯಜಮಾನ್ರೇ, ನೀವಾ! ನಾನು ಇಲಿ ಅಂದ್ಕೊಂಡಿದ್ದೆ."

ಅಂದು ಸಾಹೇಬರು ಅತಿಥಿಗಳಿಗೆ ಕೋಟೆ ತೋರಿಸಲು ಬಂದಿದ್ದರು. ಗುಂಪು ಕಂಡು ಇತ್ತ ಬಂದರು.

"ಮೇಸ್ತ್ರಿ, ತಲೆ ಕೆಟ್ಟಿದೆಯಾ ನಿಮಗೆ? ಪುರಾತನ ಗೋಡೆಗೆ ಐದು ತೂತು ಕೊರೆದಿದೀರಲ್ರೀ!"

"ಕೊರೆದಿಲ್ಲ ಸಾಹೇಬ್ರೇ, ತೆಗೆದಿದೀನಿ. ನೀವೇ ಮುಚ್ಚಿಸಿದ್ದು."

"ಇಲ್ಲಿ ತೂತೇ ಇರಲಿಲ್ಲ. ದಾಖಲೆ ಇದೆ."

ಮೇಸ್ತ್ರಿ ಭುಜದ ಮೇಲಿನ ಕೈ ಕೊಡವಿದರು. ಅಷ್ಟು ಸಿಟ್ಟಿನಲ್ಲಿ ನಾನು ಅವರನ್ನು ಎಂದೂ ಕಂಡಿರಲಿಲ್ಲ. "ಇದು ಹೆಬ್ಬಂಡೆ. ಕೊರೆಯೋಕೆ ನಾಲ್ಕು ದಿನ ಬೇಕು. ತೂತು ಇರಲಿಲ್ಲ ಅಂದ್ರೆ ನನ್ನ ಮೂರು ಪೆಟ್ಟಿಗೆ ಏನೂ ಆಗಬಾರದು, ಅಲ್ವಾ? ಇಲ್ಲೇ ನಿಂತು ನೋಡಿ."

ಈ ಸಲ ಸೈರನ್ನಿಗೆ ಕಾಯಲಿಲ್ಲ. ಮೂರನೆಯ ಪೆಟ್ಟಿಗೆ ಗಾರೆಯ ಬಿರಡೆ ಕಳಚಿ ಬಂತು. ಹಿಂದೆಯೇ ತೋಳುಗಾತ್ರದ ಕೆಸರು ನೀರು ನೆಗೆದು ಸಾಹೇಬರ ಅಂಗಿ, ಪ್ಯಾಂಟು, ಕೈಯಲ್ಲಿದ್ದ ಕಡತ ಎಲ್ಲವನ್ನೂ ತೋಯಿಸಿತು. ಸಾಲಿನಲ್ಲಿದ್ದವರು ಚಪ್ಪಾಳೆ ತಟ್ಟಿದರು. ಅತಿಥಿಗಳಲ್ಲಿ ಒಬ್ಬರು, "ಇದನ್ನ ದಿನಾ ಎಷ್ಟು ಗಂಟೆಗೆ ಬಿಡ್ತೀರ?" ಎಂದು ಕೇಳಿದರು.

ನೀರು ಸಂಜೆಯವರೆಗೂ ನಿಲ್ಲಲಿಲ್ಲ. ಅಂದೇ ಗೋಡೆಯ ಕೆಳಗೆ ಹಗ್ಗ ಕಟ್ಟಿ ಸಾಲನ್ನು ಆಚೆ ಸರಿಸಿದರು. ಆ ಹಗ್ಗವನ್ನು ಏಳು ಅರ್ಜಿಯ ಹಿಂದೆಯೇ ಕಟ್ಟಬಹುದಿತ್ತು.

ಕ್ಷಮೆ ಕೇಳುತ್ತಾರೇನೋ ಎಂದು ನಾನು ದಡ್ಡಿಯಂತೆ ಕಾದೆ. ಬಂದದ್ದು ನೋಟಿಸು. ಮೊದಲ ಪ್ಯಾರಾದಲ್ಲಿ, ಮೇಸ್ತ್ರಿ ಸ್ಮಾರಕಕ್ಕೆ ಹಾನಿ ಮಾಡಿದ್ದಾರೆ, ಗೋಡೆಯಲ್ಲಿ ಮೂಲತಃ ರಂಧ್ರಗಳಿರಲಿಲ್ಲ. ಎರಡನೆಯ ಪ್ಯಾರಾದಲ್ಲಿ, ಉಳಿದ ಏಳು ರಂಧ್ರಗಳನ್ನು ಅವರು ಹದಿನೈದು ದಿನದೊಳಗೆ ಗುರುತಿಸಿ ತೆರೆದುಕೊಡತಕ್ಕದ್ದು. ಒಂದೇ ಹಾಳೆ, ಒಂದೇ ಸಹಿ.

"ಹೋಗಬೇಡಿ," ಎಂದೆ. "ಅವರೇ ಹುಡುಕಿಕೊಳ್ಳಲಿ."

"ಅವರಪ್ಪನಾಣೆಗೂ ಸಿಗಲ್ಲ ಅವರಿಗೆ," ಎಂದು ಮೇಸ್ತ್ರಿ ಎದ್ದು ಚಪ್ಪಲಿ ಮೆಟ್ಟಿದರು. "ಗೋಡೆ ಬಿದ್ರೆ ಸಾಹೇಬನ ಮೇಲೆ ಬೀಳುತ್ತೇನಮ್ಮ? ನಡಿ."

ಬಾಗಿಲಲ್ಲಿ ಕಾವಲುಗಾರ ತಡೆದ. ಸಿಬ್ಬಂದಿಯಲ್ಲದವರಿಗೆ ಟಿಕೆಟ್ ಕಡ್ಡಾಯವಂತೆ, ಮೇಲಿನಿಂದ ಹೇಳಿದ್ದಾರಂತೆ. ಮಗಳು ಗೂಡಿನಿಂದ ಎದ್ದು ಹೊರಗೆ ಬಂದಳು. ಅಷ್ಟು ದಿನ ಸಾಲಿನಲ್ಲಿ ಅಪ್ಪನನ್ನು ಕಂಡರೆ ನಾಚಿಕೆಯಿಂದ ತಲೆ ತಗ್ಗಿಸುತ್ತಿದ್ದವಳು.

"ಒಳಗೆ ಹೋಗಪ್ಪ. ಟಿಕೆಟ್ ಕೇಳೋರು ಯಾರೋ ನಾನೂ ನೋಡ್ತೀನಿ."

ಯಾರೂ ಕೇಳಲಿಲ್ಲ.

ಹತ್ತು ದಿನದಲ್ಲಿ ಆರು ತೂತು ತೆರೆದವು. ಗೋಡೆಯ ಹೊಟ್ಟೆ ಅಷ್ಟಕ್ಕೇ ನಿಂತಿದೆ. ಮೇಸ್ತ್ರಿ ದಿನಾ ಗುಂಡು ಇಳಿಬಿಟ್ಟು ನೋಡುತ್ತಾರೆ. ಹದಿಮೂರನೆಯದು ಮಾತ್ರ ಸಿಕ್ಕಿಲ್ಲ. ಅದು ಸಿಗುವವರೆಗೆ ಹಗ್ಗ ಬಿಚ್ಚಬಾರದೆಂದು ಕಾವಲುಗಾರನಿಂದ ಭಾಷೆ ತೆಗೆದುಕೊಂಡಿದ್ದಾರೆ. ನಿನ್ನೆ ಊಟ ಕೊಡಲು ಹೋದಾಗ ಅವರು ಮಂಡಿಯೂರಿ, ಗೋಡೆಗೆ ಕೆನ್ನೆ ಒತ್ತಿ, ಗೆಣ್ಣಿನಿಂದ ತಟ್ಟುತ್ತಾ ಒಬ್ಬರೇ ಬೈಯುತ್ತಿದ್ದರು.

"ಯಾರನ್ನ ಬೈತಿದೀರಿ, ಸಾಹೇಬರನ್ನಾ?"

"ಅವನನ್ನ ಬೆಳಿಗ್ಗೇನೇ ಬೈದು ಮುಗಿಸಿದೆ. ಇದನ್ನ ಇಷ್ಟು ಚೆನ್ನಾಗಿ ಮುಚ್ಚಿದಾನಲ್ಲ, ಆ ಹಾಳಾದೋನನ್ನ ಬೈತಿದೀನಿ."