ಎಲ್ಲದಕ್ಕೂ ಒಂದೇ ‘ಹ್ಯಾವ್’

ನನ್ನ ಬಿ.ಪಿ. ಏರಿಸುವುದು ಉಪ್ಪಿನಕಾಯಿಯಲ್ಲ, ಜನ ಇಂಗ್ಲಿಷಿನಲ್ಲಿ ‘ಹ್ಯಾವ್’ಗಳನ್ನು ದುಂದು ಮಾಡುವ ರೀತಿ. ‘ಐ ಹ್ಯಾವ್ ವಾಶ್ಡ್, ಐ ಹ್ಯಾವ್ ಕಟ್, ಐ ಹ್ಯಾವ್ ಕುಕ್ಡ್’ ಎಂದು ಯಾರಾದರೂ ಶುರುಮಾಡಿದರೆ, ಒಂದೇ ಸೀರೆಗೆ ಮೂರು ಸೆರಗು ಕಂಡಂತಾಗುತ್ತದೆ ನನಗೆ. ಮೊದಲಿಗೊಂದು ಹ್ಯಾವ್ ಇಟ್ಟರಾಯಿತು, ಉಳಿದ ಕ್ರಿಯಾಪದಗಳು ಅದರ ಹಿಂದೆ ಸಾಲಾಗಿ ಬರುತ್ತವೆ. ಕಾನ್ವೆಂಟಿನಲ್ಲಿ ಸಿಸ್ಟರ್ ಕಲಿಸಿದ್ದು ಹಾಗೆ. ನಮ್ಮ ಕನ್ನಡವೇನು ಕಡಿಮೆ ಜಾಣೆಯೇ? ‘ತೊಳೆದು, ಹೆಚ್ಚಿ, ಬೇಯಿಸಿದ್ದೇನೆ’ ಎನ್ನಿ. ಕೊನೆಯ ಒಂದು ‘ಇದ್ದೇನೆ’ ಮೂರೂ ಕೆಲಸವನ್ನು ಹೊತ್ತುಕೊಂಡುಬಿಡುತ್ತದೆ.

ಇದನ್ನು ಜುಬೇದಾಗೆ ಯಾರು ಹೇಳಬೇಕು? ಅದೇ ಕಾನ್ವೆಂಟಿನಲ್ಲಿ ನನ್ನ ಪಕ್ಕದಲ್ಲೇ ಕೂತು ಕಲಿತವಳು; ಗಂಡ ಹೋದ ಮೇಲೆ ಕೊಪ್ಪದಲ್ಲಿ ಬಟ್ಟೆ ಅಂಗಡಿ ಇಟ್ಟು ಬದುಕಿದವಳು. ಈಚೆಗೆ ಬಾಳಗಡಿಯ ಕಾಲೇಜೊಂದಕ್ಕೆ ಅವಳನ್ನು ಚೀಫ್ ಗೆಸ್ಟ್ ಆಗಿ ಕರೆದರು. ಭಾಷಣ ಇಂಗ್ಲಿಷಿನಲ್ಲೇ ಆಗಬೇಕಂತೆ.

“ಈ ವಯಸ್ಸಿಗೆ ಮೊದಲ್ನೇ ಸಲ ಮೈಕ್ ಹಿಡೀತಿದೀನಿ. ಆ ಹುಡುಗೀರು ನಕ್ರೆ ಸತ್ತೇ ಹೋಗ್ತೀನಿ ಮಾರಾಯ್ತಿ, ಸ್ವಲ್ಪ ನೋಡು” ಎಂದು ಕಾಗದ ಕೊಟ್ಟಳು.

‘ಐ ಹ್ಯಾವ್ ಲಾಸ್ಟ್ ಮೈ ಹಸ್ಬೆಂಡ್. ಐ ಹ್ಯಾವ್ ಓಪನ್ಡ್ ಎ ಶಾಪ್. ಐ ಹ್ಯಾವ್ ಎಜುಕೇಟೆಡ್ ಮೈ ಡಾಟರ್ಸ್.’ ಓ ಮೈ ಗಾಡ್! ಮೊದಲನೆಯದನ್ನು ಬಿಟ್ಟು ಮಿಕ್ಕ ‘ಐ ಹ್ಯಾವ್’ಗಳಿಗೆಲ್ಲ ಗೀಟು ಹಾಕಿದೆ.

“ಎಂತದೇ ಇದು? ಅವರು ಹೋದದ್ದು, ಅಂಗಡಿ ಬಾಗ್ಲು ತೆಗೆದದ್ದು, ಮಕ್ಕಳನ್ನ ಓದಿಸಿದ್ದು, ಎಲ್ಲದಕ್ಕೂ ಒಂದೇ ಹ್ಯಾವಾ? ಒಂದೊಂದಕ್ಕೂ ನಾನು ಬೇರೆ ಬೇರೆ ಎದ್ದು ನಿಂತಿಲ್ವಾ?” ಎಂದು ರೇಗಿದಳು ಜುಬೇದಾ.

“ಗ್ರಾಮರ್‌ಗೆ ನಿನ್ನ ಕಷ್ಟ ಗೊತ್ತಿಲ್ಲ ಕಣೇ.”

“ನಿಂಗೆ ಗೊತ್ತಲ್ಲ!”

ಕಾಗದ ಕಿತ್ತುಕೊಂಡು, ಕಾಫಿಯನ್ನೂ ಮುಟ್ಟದೆ ಹೋದಳು.

ಸಭೆಯಲ್ಲಿ ಮುಂದಿನ ಸಾಲಿನಲ್ಲೇ ಹಲ್ಲು ಕಚ್ಚಿ ಕೂತೆ. ಗೀಟು ಬಿದ್ದ ಹ್ಯಾವ್‌ಗಳೆಲ್ಲ ಜೀವಂತವಾಗಿ ಹಿಂದಿರುಗಿದ್ದವು. ಅವಳು ಒಂದೊಂದರ ಮುಂದೂ ನಿಂತು ಉಸಿರು ತೆಗೆದುಕೊಂಡಳು. ಪಿಸುಗುಡುತ್ತಿದ್ದ ಹುಡುಗಿಯರು ಮುಂದಕ್ಕೆ ಬಾಗಿ ಕೇಳತೊಡಗಿದರು. ಯಾರೂ ನಗಲಿಲ್ಲ. ನಾನಂತೂ ಕನ್ನಡಕ ಒರೆಸಿಕೊಳ್ಳಬೇಕಾಯಿತು. ಆ ಸಭಾಂಗಣದಲ್ಲಿ ಧೂಳು ಬಹಳ.

ಕೊನೆಗೆ ಅವಳು ನನ್ನತ್ತ ಕೈ ತೋರಿಸಿ, “ಮೈ ಫ್ರೆಂಡ್ ಹ್ಯಾಸ್ ಸ್ಕೋಲ್ಡೆಡ್, ಕರೆಕ್ಟೆಡ್ ಅಂಡ್ ಲವ್ಡ್ ಮಿ” ಎಂದಳು. ಜೋರು ಚಪ್ಪಾಳೆ.

ವ್ಯಾಕರಣ ಅಚ್ಚುಕಟ್ಟು, ಸಿಸ್ಟರ್ ಇದ್ದಿದ್ದರೆ ಬೆನ್ನು ತಟ್ಟುತ್ತಿದ್ದರು. ನನಗೆ ಮಾತ್ರ ಮೈಯೆಲ್ಲ ಉರಿಯಿತು. ಅಂಗಡಿಗೊಂದು, ಮಕ್ಕಳಿಗೊಂದು ಧಾರಾಳವಾಗಿ ಹಂಚಿದವಳು, ನನ್ನ ಆ ಕೊನೆಯ ‘ಲವ್ಡ್’ಗಾದರೂ ಬೇರೆಯೇ ಒಂದು ಹ್ಯಾಸ್ ಕೊಡಬಾರದಿತ್ತೇ, ಜಿಪುಣಿ!