ಡಬ್ಬಿಗಳ ಕೆಳಗಿನ ಹದಿನೇಳು

"ಅತ್ತೆ, ಆ ಹದಿನೇಳು ಅನ್ನೋ ಅಂಕಿ ನಮ್ಮ ಪ್ರೆಸ್ ಬಿಟ್ರೆ ಇನ್ನೆಲ್ಲೂ ಇಲ್ಲ. ಪೆಟ್ಟಿಗೆ ಮೇಲೆ ಹದಿನಾರು ಅಂತ ಬೀಳಬೇಕಿತ್ತು, ತಪ್ಪಿ ಹದಿನೇಳು ಬಿತ್ತು. ನಾನೇ ಮೊದಲು ನೋಡಿ ಮಷಿನ್ ನಿಲ್ಲಿಸ್ದೆ. ಕೆಟ್ಟ ಹಾಳೆ ಅಲ್ಲೇ ಚೂರು ಮಾಡ್ಬೇಕು ಅನ್ನೋದು ನಿಯಮ. ಆದ್ರೆ ದಪ್ಪ ಕಾಗದ, ನುಣುಪು, ಎಣ್ಣೆ ಬಿದ್ರೂ ಒರೆಸಿದ್ರೆ ಹೋಗುತ್ತೆ. ಹನ್ನೊಂದು ವರ್ಷದಿಂದ ನಾವು ಹೆಂಗಸರೆಲ್ಲ ಮನೆಗೆ ತಂದು ಕಪಾಟಿಗೆ ಹಾಸ್ತೀವಿ. ಯಾರೂ ಕೇಳಿರ್ಲಿಲ್ಲ. ಈಗ ಕೇಳ್ತಿದಾರೆ. ಕೈಕಾಲೇ ಆಡ್ತಿಲ್ಲ ನಂಗೆ."

ನನ್ನ ಸೊಸೆ ಇಷ್ಟು ಮಾತು ಒಟ್ಟಿಗೆ ಆಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ರಟ್ಟಿನ ಪೆಟ್ಟಿಗೆಗಳಿಗೆ ಅಚ್ಚು ಹಾಕುವ ಪ್ರೆಸ್ಸಿನಲ್ಲಿ ತಪ್ಪು ಹುಡುಕುವುದು ಅವಳ ಕೆಲಸ. ಕಣ್ಣು ಹದ್ದಿನದು, ಬಾಯಿಗೆ ಬೀಗ. ಮದುವೆಯಾಗಿ ಬಂದ ವಾರವೇ ನಾನು ಹೊಲಿದ ದಿಂಬಿನ ಚೀಲದಲ್ಲಿ ತಪ್ಪಿದ ಒಂದು ಹೊಲಿಗೆಯನ್ನು ಬೆರಳಿಟ್ಟು ತೋರಿಸಿ ಸುಮ್ಮನೆ ಹೋದವಳು.

ನನ್ನ ಕಿರಿಯ ಮಗನಿಗೆ ಕಂಪ್ಯೂಟರ್ ಹುಚ್ಚು. ಆಟದ ಚಿತ್ರ ಮೂಡಿಸುವ ಗ್ರಾಫಿಕ್ಸ್ ಕಾರ್ಡ್ ಅಂತ ಒಂದಿದೆಯಂತೆ. ದುಬಾರಿಯೂ ಅಲ್ಲದ, ಅಗ್ಗವೂ ಅಲ್ಲದ ನಡುವಿನ ದರ್ಜೆಯದು ಹೊಸದಾಗಿ ಬರಲಿದೆಯಂತೆ. ಅದರ ಮೆಮೊರಿ ಎಷ್ಟು ಜಿಬಿ ಎಂದು ಊರೂರಿನವರು ಇಂಟರ್‌ನೆಟ್ಟಿನಲ್ಲಿ ಊಹೆ ಬರೆಯುತ್ತಾರೆ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಯುವವರು. ಒಬ್ಬ ಹನ್ನೆರಡು ಅಂದರೆ ಇನ್ನೊಬ್ಬ ಹದಿನಾರು. ಉಪ್ಪಿನ ಡಬ್ಬಿ ತೆಗೆಯಲು ಹೋದ ನಮ್ಮವನು ಅಡಿಯ ಹಾಳೆ ಓದಿದ, ಅದು ಅದೇ ಕಾರ್ಡಿನ ಪೆಟ್ಟಿಗೆಯದು. ಹದಿನೇಳು, ಖಚಿತ ಎಂದು ಬರೆದೂಬಿಟ್ಟ. ಅಂಥ ಲೆಕ್ಕವೇ ಇಲ್ಲ ಎಂದು ಎಲ್ಲರೂ ನಕ್ಕರಂತೆ. ಪೆಟ್ಟಿಗೆ ಮಾಡಿಸಿದ ಕಂಪನಿಯವರು ಮಾತ್ರ ನಗಲಿಲ್ಲ. ನೇರ ಪ್ರೆಸ್ಸಿಗೆ ಬಂದರು.

ತಪ್ಪು ಹುಡುಕುವ ನಾಲ್ವರನ್ನು ಒಬ್ಬೊಬ್ಬರಾಗಿ ಒಳಗೆ ಕರೆಯುತ್ತಿದ್ದರು. ಮರುದಿನ ಇವಳ ಸರದಿ. ಸಿಕ್ಕಿಬಿದ್ದರೆ ಕೆಲಸ ಹೋದಂತೆಯೇ. ಆ ಸಂಜೆ ಯಾರೋ ಬಾಗಿಲು ತಟ್ಟಿದರೆ ಅವಳ ಕೈಯ ಲೋಟ ಬಿತ್ತು. ನೋಡಿದರೆ ಪಕ್ಕದ ಮನೆಯವಳು, ಸೂಜಿ ಕೇಳಲು ಬಂದಿದ್ದಳು.

"ಅತ್ತಿಗೆ, ಬರೆದಿದ್ದು ಅಳಿಸಿದೀನಿ," ಎಂದ ಮಗ.

"ನಮ್ಮಲ್ಲಿ ಅಚ್ಚಾಗಿದ್ದು ಅಚ್ಚಾಯ್ತು ಕಣಪ್ಪ."

ಹಾಳೆಗಳನ್ನು ಸುಟ್ಟುಬಿಡೋಣ ಎಂದ. ಸುಟ್ಟರೆ ತಾನು ಉಳಿಯಬಹುದು, ಆದರೆ ನಾಲ್ವರಲ್ಲಿ ಹಿರಿಯಳಾದ ವಿಧವೆಯ ಮೇಲೆ ಆಗಲೇ ಅನುಮಾನ ಬಿದ್ದಿದೆ ಎಂದಳು ಸೊಸೆ. ಆಮೇಲೆ ನನ್ನ ಮುಖ ನೋಡಿದಳು. ಅವಳ ದುಡಿಮೆಯಿಂದಲೇ ಈ ಮನೆ ನಿಂತಿರುವುದು.

"ಊರವರ ತಪ್ಪೆಲ್ಲ ತೋರಿಸೋಳು ನೀನು," ಎಂದೆ. "ನಿಂದೂ ನೀನೇ ತೋರಿಸ್ಬಿಡಮ್ಮ."

ಬೆಳಿಗ್ಗೆ ಡಬ್ಬಿಗಳ ಕೆಳಗಿಂದ ಆರೂ ಹಾಳೆಗಳನ್ನು ಎಳೆದು, ಸುರುಳಿ ಸುತ್ತಿ ಚೀಲಕ್ಕೆ ಹಾಕಿಕೊಂಡು ಹೋದಳು. ಮಧ್ಯಾಹ್ನಕ್ಕೇ ವಾಪಸು ಬಂದಳು. ಹಾಗೆ ಅವಳು ಎಂದೂ ಬಂದವಳಲ್ಲ. ಪ್ರೆಸ್ಸಿನ ಮೇಸ್ತ್ರಿ ಹಾಳೆಗಳನ್ನು ತೆಗೆದುಕೊಂಡು, ಮನೆಯಲ್ಲಿರು, ಕರೆದರೆ ಬಾ ಎಂದರಂತೆ. ವಿಧವೆಯ ಮೇಲಿನ ಅನುಮಾನ ಮಾತ್ರ ಬಿಟ್ಟು, ಅವಳನ್ನು ಮತ್ತೆ ಕೆಲಸಕ್ಕೆ ಕೂರಿಸಿದರಂತೆ.

ಫೋನನ್ನು ಕಿಟಕಿಯ ಮೇಲಿಟ್ಟಳು. ಅದು ಸದ್ದು ಮಾಡಲಿಲ್ಲ. ಬರಿಯ ಹಲಗೆಯ ಮೇಲೆ ಡಬ್ಬಿಗಳು ಅಡ್ಡಾದಿಡ್ಡಿ ನಿಂತಿದ್ದವು. ಅವನ್ನೆಲ್ಲ ಇಳಿಸಿ, ನಾನು ಒದ್ದೆ ಬಟ್ಟೆಯಲ್ಲಿ ಒರೆಸುತ್ತ ಹೋದೆ. ಅವಳು ಹಳೆಯ ದಿನಪತ್ರಿಕೆಯೊಂದನ್ನು ಅಳತೆಗೆ ಕತ್ತರಿಸಿ, ಎರಡೂ ಬದಿ ಓದಿ ನೋಡಿ, ಕಪಾಟಿಗೆ ಹಾಸಿ, ಉಪ್ಪಿನ ಡಬ್ಬಿಗೆ ಕೈ ಚಾಚಿದಳು.