ಕರಗುವ ಹಾಳೆ

ನಮ್ಮ ಬೀದಿಯವರು ಆಕೆಯನ್ನು ಗಂಜಿಯಕ್ಕ ಎಂದೇ ಕರೆಯುತ್ತಾರೆ. ಆಲೂಗಡ್ಡೆಯ ಪಿಷ್ಟಕ್ಕೆ ಗ್ಲಿಸರಿನ್ ಬೆರೆಸಿ ಕುದಿಸಿ, ಹಳೆಯ ಕಿಟಕಿ ಗಾಜುಗಳ ಮೇಲೆ ತೆಳ್ಳಗೆ ಹರಡಿ, ಬ್ರೆಡ್ ಸುತ್ತುವ ಹಾಳೆ ಮಾಡುತ್ತಾಳೆ. ಮೊದಮೊದಲು ಅವಸರಪಟ್ಟು ಬಿಸಿಲಿಗಿಟ್ಟ ಹಾಳೆಗಳು ಮುದುರಿ ಒಡೆದವು. ನೆರಳಿನಲ್ಲಿ ಒಣಗಿಸಬೇಕೆಂದು ತಿಳಿದ ಮೇಲೆ ಅತ್ತೆಯ ಮಂಚವೂ ಗಾಜುಗಳ ಪಾಲಾಯಿತು.

ಕೊನೆಗೂ ಬೀದಿಯ ಬೇಕರಿ ಮಾಲೀಕ ಹಾಳೆ ನೋಡಲು ಮನೆಗೆ ಬಂದ. "ಚೆನ್ನಾಗಿದೆ ಅಕ್ಕಾ, ಆದ್ರೆ ನೀರು ಬಿದ್ರೆ ಕರಗುತ್ತೆ. ಒಳಗೊಂದು ಪ್ಲಾಸ್ಟಿಕ್ ಪದರ ಹಾಕಿ, ಮೇಲೆ 'ನೈಸರ್ಗಿಕ' ಅಂತ ಬರೀರಿ. ವರ್ಷವಿಡೀ ತಗೋತೀನಿ."

"ಒಪ್ಕೊಳ್ಳೇ ಮಹಾರಾಯ್ತಿ! ಒಂದು ಶೆಡ್ ಹಿಡಿದು ನನ್ನ ಮಂಚ ಬಿಟ್ಟುಕೊಡು," ಎಂದರು ಅತ್ತೆ.

"ಕರಗಲಿ ಅಂತಾನೇ ಮಾಡಿರೋದು, ಅಣ್ಣಾ. ನಿಮ್ಮ ಬ್ರೆಡ್ ನಾಲ್ಕು ದಿನಕ್ಕೆ ಬೂಸ್ಟು ಹಿಡಿಯುತ್ತೆ. ಅದರ ಕವರ್ ನಿಮ್ಮ ಮೊಮ್ಮಕ್ಕಳ ಕಾಲದವರೆಗೂ ಯಾಕೆ ಬಾಳ್ಬೇಕು? ಸುಳ್ಳು ಬರೆಯೋದಿಲ್ಲ, ಹೋಗಿ."

ಆತ ಹೋದ. ಮುಂದಿನ ವಾರ ಅವನ ಬ್ರೆಡ್ಡು ಹಸಿರೆಲೆ ಅಚ್ಚಾದ ಪ್ಲಾಸ್ಟಿಕ್ಕಿನಲ್ಲಿ ಬಂತು. ಮೇಲೆ 'ನೈಸರ್ಗಿಕ' ಎಂಬ ಬಿರುದು ಬೇರೆ. ಕಣ್ಣಿಗೆ ಮಣ್ಣೆರಚುವುದಕ್ಕೂ ಈಗ ಹಸಿರು ಬಣ್ಣವೇ ಬೇಕು. ನಾವೂ ಕಣ್ಣು ಮುಚ್ಚಿಕೊಂಡೇ ಕೊಂಡೆವು.

ಗಂಜಿಯಕ್ಕ ಈಗ ಬೇಕರಿಯ ಎದುರಿಗೇ ಸ್ಟೂಲು ಹಾಕಿಕೊಂಡು ಕೂರುತ್ತಾಳೆ. ಪಕ್ಕದಲ್ಲಿ ಎರಡು ಜಾಡಿ ನೀರು. ಒಂದರಲ್ಲಿ ಅವನ ಕವರು, ಇನ್ನೊಂದರಲ್ಲಿ ತನ್ನ ಹಾಳೆ. ಬ್ರೆಡ್ ಕೊಂಡು ಹೊರಬಂದವರನ್ನೆಲ್ಲ ಕರೆದು ತೋರಿಸುತ್ತಾಳೆ.